ಪರದೆ ಹಿಂದಿನ ವೈಂಡಿಂಗ್

ಶರಣಕುಮಾರ ತನ್ನ ತಂದೆಯ ಎಜ್ಡಿ ಮೋಟಾರ್ ಸೈಕಲ್ಲನ್ನು ಶಹಾಪುರದ ಹಳೇ ಬಸ್ ನಿಲ್ದಾಣದ ಹಿಂದಿನ ಓಣಿಗೆ ತಂದು ನಿಲ್ಲಿಸಿದಾಗ ಎದುರು ಬೇಕರಿಯವನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದ. ಟ್ಯಾಂಕಿಗೆ ಕೆಂಪು ಬಣ್ಣ, ರಿಮ್ಮಿಗೆ ಹೊಸ ಕ್ರೋಮು, ಸೀಟಿಗೆ ಹೊಸ ರೆಕ್ಸಿನ್. ಮನೆಯ ದನದ ಕೊಟ್ಟಿಗೆಯಲ್ಲಿ ಕೋಳಿಗಳು ರಾತ್ರಿ ಏರಿ ಕೂರುತ್ತಿದ್ದ ಗಾಡಿ ಇದೇ ಎಂದರೆ ಯಾರೂ ನಂಬುವಂತಿರಲಿಲ್ಲ.

ಹಜರಾಬೀ ಮಾತ್ರ ಕೂತ ಮಣೆಯಿಂದ ಏಳಲಿಲ್ಲ. ಸುಟ್ಟ ಮೋಟಾರುಗಳ ತಂತಿ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವುದು ಅವಳ ಅಂಗಡಿಯ ಕಸುಬು. ಮುಂದೆ ಒಂದು ಮಿಕ್ಸರಿನ ಮೋಟಾರು ಬಿಚ್ಚಿ ಬಿದ್ದಿತ್ತು.

"ಚಂದ ಮಾಡಿಸೀಯಪ್ಪಾ," ಎಂದಳು. "ಲೈಟ್ ಹಚ್ಚು, ನೋಡೂಣು."

ಶರಣಕುಮಾರ ಕಿಕ್ ಹೊಡೆದು ದೀಪ ಹಚ್ಚಿದ. ಗಾಜಿನ ಹಿಂದೆ ಮಾಗಿದ ಬಾರೆಹಣ್ಣಿನ ಬಣ್ಣದ ಬೆಳಕೊಂದು ಕಂಡಿತು. ಎಕ್ಸಲರೇಟರ್ ತಿರುವಿದರೆ ಸ್ವಲ್ಪ ಬಿಳುಪಾಯಿತು, ಬಿಟ್ಟರೆ ಮತ್ತೆ ಸೊರಗಿತು.

"ಇದೇ ನೋಡ್ರಿ ನನ್ನ ತಕರಾರು," ಎಂದ ಅವನು. "ಗೋಗಿಯಾಗ ಔಷಧಿ ಅಂಗಡಿ ಮುಚ್ಚಿ ಮನಿಗಿ ಬರೂದ್ರಾಗ ಹೊತ್ತು ಮುಳುಗಿರ್ತದ. ಮೊನ್ನೆ ಹತ್ತಿ ತುಂಬಿದ ಟ್ರೇಲರ್ ರಸ್ತಾದ ಮ್ಯಾಲೇ ನಿಂತಿತ್ತು, ಹಿಂದ ಒಂದು ಕೆಂಪು ಚುಕ್ಕಿನೂ ಇಲ್ಲ. ಮೂಗು ತಾಗೂ ಹೊತ್ತಿಗೆ ಕಾಣ್ತು. ಹನ್ನೆರಡು ವೋಲ್ಟಿನ ಕಿಟ್ ತರಿಸೀನಿ. ಹಳೇ ಡೈನಮೋ ತೆಗೆದು ಅದನ್ನ ಹಾಕಿಕೊಡ್ರಿ."

ಹಳೇ ಡೈನಮೋ ಎಂಬ ಮಾತಿಗೆ ಹಜರಾಬೀಯ ಕೈ ನಿಂತಿತು.

"ಅದು ನನ್ನ ವೈಂಡಿಂಗ್."

"ಗೊತ್ತದ್ರಿ. ಅಪ್ಪ ದಿನಾ ಹೇಳ್ತಾನ."

"ಜೀವ ಇದ್ದದ್ದನ್ನ ನಾನು ತೆಗೆಯಾಕಿಲ್ಲ. ಬಿಚ್ಚಿ ನೋಡ್ತೀನಿ. ಸತ್ತಿದ್ರ ನಿನ್ನ ಕಿಟ್ ಹಾಕ್ತೀನಿ. ಜೀವ ಇದ್ರ ಬ್ಯಾಟ್ರಿ ಬದಲಿ ಮಾಡ್ಕೊಂಡು ಸುಮ್ಮನ ಹೋಗು. ನಾಳೆ ನಿಮ್ಮಪ್ಪನ್ನೂ ಕರ್ಕೊಂಡು ಬಾ."

ಒಳಗಿನಿಂದ ಸೊಸೆ ನುಜ್ಹತ ಇಣುಕಿದಳು. ಅವಳು ಯಾದಗಿರಿಯ ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕಲಿತು ಬಂದವಳು. ಗಂಡ ಶಾಕೀರ ಹತ್ತಿ ಜಿನ್ನಿಂಗ್ ಮಿಲ್ಲಿಗೆ ಕೆಲಸಕ್ಕೆ ಹೋದರೆ ಅತ್ತೆಯ ಜೊತೆ ಅಂಗಡಿ ನೋಡುವವಳು ಅವಳೇ. "ಅಮ್ಮಿ, ಕತ್ತಲಿಗೆ ನಿಮ್ಮ ವೈಂಡಿಂಗಂತ ಹ್ಯಾಂಗ ಗೊತ್ತಾಗಬೇಕು?" ಎಂದಳು. "ಆ ಟ್ರೇಲರಿಗೆ ಹೇಳಿ ಕಳಸ್ತೀರೇನು, ಹಜರಾಬೀ ಕೈಕೆಲಸ ಬರಾಕತ್ತದ, ಸ್ವಲ್ಪ ಸರೀಪಾ ಅಂತ?"

ಬೇಕರಿಯವನು ನಕ್ಕ. ಹಜರಾಬೀ ನಗಲಿಲ್ಲ.

ಅವಳು ಹಟಮಾರಿ ಎಂದು ಓಣಿ ಹೇಳುತ್ತಿತ್ತು, ಅದು ಸುಳ್ಳಲ್ಲ. ಆದರೆ ಈ ಹಟಕ್ಕೆ ಒಂದು ಕಾರಣವಿತ್ತು. ಅವಳು ಸುತ್ತಿದ ಮೋಟಾರುಗಳಲ್ಲಿ ಇನ್ನೂ ಓಡುತ್ತಿದ್ದದ್ದು, ಅವಳಿಗೆ ತಿಳಿದ ಮಟ್ಟಿಗೆ, ಅದೊಂದೇ. ಕಾಲುವೆಯ ದಂಡೆಯ ಪಂಪುಗಳು ಹೋದವು. ರೈತರು ನೀರೊಳಗೇ ಮುಳುಗುವ ಹೊಸ ಪಂಪು ಇಳಿಸಿದರು. ಸುರಪುರದ ಎಣ್ಣೆ ಮಿಲ್ಲು ಮುಚ್ಚಿತು. ಹಿಟ್ಟಿನ ಗಿರಣಿಗಳು ಮೋಟಾರು ಸುಟ್ಟರೆ ಹೊಸದನ್ನೇ ತರುತ್ತವೆ. ಉಳಿದದ್ದು ಲಿಂಗಣ್ಣನ ಎಜ್ಡಿ. ಅದರ ಹೊಟ್ಟೆಯಲ್ಲಿ ತನ್ನ ಕೈಯ ತಾಮ್ರ ತಿರುಗುತ್ತಿದೆ ಎಂಬುದು ಅವಳಿಗೆ ದಿನದ ನೆನಪೇನಲ್ಲ. ಆದರೆ ಇಲ್ಲವೆಂದಾದರೆ ಒಂದು ಲೆಕ್ಕ ಮುಗಿದಂತೆ.

ಹಜರಾಬೀ ಗೋಗಿಯವಳು. ತಾಯಿ ಕೂಸುಗಳ ತಲೆಗೆ ಕಟ್ಟುವ ಕುಂಚಿಗೆ ಹೊಲಿದು ಮಾರುತ್ತಿದ್ದಳು. ಕುಂಚಿಗೆಯ ಕಸೆ ಕೂಸಿನ ಗದ್ದಕ್ಕೆ ಚುಚ್ಚಬಾರದೆಂದು ದಾರದ ತುದಿಯನ್ನು ಗಂಟಿನ ಹೊಟ್ಟೆಯೊಳಗೇ ಅಡಗಿಸುವ ಒಂದು ಚಪ್ಪಟೆ ಗಂಟನ್ನು ಮಗಳಿಗೆ ಕಲಿಸಿದ್ದಳು. ಹದಿನೇಳಕ್ಕೆ ಶಹಾಪುರದ ವೈಂಡಿಂಗ್ ಹಸನಸಾಬನ ಜೊತೆ ನಿಕಾಹ್ ಆಯಿತು. ಅದು ಕಾಲುವೆಗೆ ನೀರು ಬಂದ ಹೊಸತು. ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದವು, ಎಲ್ಲರಿಗೂ ಪಂಪು ಬೇಕಾಯಿತು. ಪಂಪು ಬಂದಂತೆ ಅವು ಸುಡತೊಡಗಿದವು. ಎತ್ತಿನ ಬಂಡಿಯಲ್ಲಿ, ಬಸ್ಸಿನ ತಲೆಯ ಮೇಲೆ ಸುಟ್ಟ ಮೋಟಾರುಗಳು ಈ ಓಣಿಗೆ ಬರುತ್ತಿದ್ದವು. ಅಂಥ ಹೊತ್ತಿನಲ್ಲಿ, ಗಿರಣಿಯೊಂದರ ಬೆಲ್ಟು ಏರಿಸಲು ಹೋಗಿ ಹಸನಸಾಬ ಬಲಗೈಯ ಎರಡು ಬೆರಳು ಕಳೆದುಕೊಂಡ.

ಬೆರಳಿಲ್ಲದೆ ಬೆಸುಗೆ ಹಾಕಬಹುದು, ಬೋಲ್ಟು ತಿರುವಬಹುದು. ತಂತಿಯನ್ನು ಒಂದೇ ಬಿಗಿಯಲ್ಲಿ ಹಿಡಿದು ಸಾಲಿಗೆ ಸಾಲು ಕೂರಿಸಲು ಆಗುವುದಿಲ್ಲ. ಅವನು ಸುತ್ತಿದ ಮೊದಲ ಮೂರ್ನಾಲ್ಕು ಮೋಟಾರು ತಿಂಗಳೊಳಗೆ ಮರಳಿ ಬಂದವು. ಆಗ, ಗಂಡನ ಕೆಲಸ ನೋಡಿಯೇ ಕಲಿತಿದ್ದ ಹಜರಾಬೀ ಸುತ್ತುವ ಚೌಕಟ್ಟನ್ನು ಎತ್ತಿಕೊಂಡು ಅಂಗಡಿಯ ಹಿಂಭಾಗಕ್ಕೆ ಹೋದಳು. ನಡುವೆ ಒಂದು ಹಸಿರು ಪರದೆ ಬಿತ್ತು. ಗಿರಾಕಿಗಳ ಜೊತೆ ಮಾತು ಮುಂದೆ, ಕೆಲಸ ಹಿಂದೆ. ಕೊನೆಗೆ ವಾರ್ನಿಷ್ ಹಚ್ಚಿದ ಸುರುಳಿಗಳನ್ನು ಬೇಕರಿಯ ಬ್ರೆಡ್ಡು ತೆಗೆದ ಮೇಲೆ ಅದೇ ಒಲೆಯ ಬಿಸಿಯಲ್ಲಿ ಇಟ್ಟು ಒಣಗಿಸುತ್ತಿದ್ದರು. ಆ ವರ್ಷಗಳಲ್ಲಿ ಈ ಓಣಿಯ ಖಾರಾ ಬಿಸ್ಕೀಟು ಸಣ್ಣಗೆ ವಾರ್ನಿಷ್ ವಾಸನೆ ಹೊಡೆಯುತ್ತಿತ್ತು. ಯಾರೂ ತಿನ್ನುವುದನ್ನು ಬಿಡಲಿಲ್ಲ.

ಪರದೆ ಗುಟ್ಟು ಕಾಯುವಂಥದ್ದಲ್ಲ. ಬಳೆ ಸದ್ದು ಹೊರಗೆ ಕೇಳುತ್ತಿತ್ತು. ಒಂದು ವರ್ಷದೊಳಗೆ ಗಿರಾಕಿಗಳು ಬಾಯಿಬಿಟ್ಟೇ ಕೇಳತೊಡಗಿದರು: "ಹಸನಸಾಬ, ಪರದಾದ ಹಿಂದಿಂದು ಬೇಕಪ್ಪಾ." ಅವಳ ಕೆಲಸದ ಗುರುತು ಕಟ್ಟುದಾರದಲ್ಲಿ ಇರುತ್ತಿತ್ತು, ಸುತ್ತಿದ ಮೇಲೆ ತಂತಿಯ ತುದಿಗಳು ಚದುರದಂತೆ ಬಿಗಿಯುವ ಹತ್ತಿಯ ದಾರ ಅದು. ಅದಕ್ಕೆ ಅವಳು ಹಾಕುತ್ತಿದ್ದದ್ದು ತಾಯಿಯ ಕುಂಚಿಗೆ ಗಂಟು. ಬೆರಳಾಡಿಸಿದರೆ ಗಂಟು ಎಲ್ಲಿದೆ ಎಂದೇ ತಿಳಿಯದು.

ಹಸನಸಾಬ ಹೆಂಡತಿಯ ಕೆಲಸವನ್ನು ಎದುರಿಗೆ ಹೊಗಳಿದವನಲ್ಲ. ಗಿರಾಕಿಗಳು ಹೊಗಳಿದರೆ "ಹೂಂ, ಆಗ್ಲಿ" ಎಂದು ಬೀಡಿ ಹಚ್ಚುತ್ತಿದ್ದ. ತನ್ನ ದುಡಿಮೆಯ ಮೇಲೆ ಅವನ ಹೆಸರಿನ ಬೋರ್ಡು ನಿಂತಿದೆ ಎಂಬ ಒಂದು ಕಹಿ ಅವಳಲ್ಲಿ ಕೊನೆಯವರೆಗೂ ಇತ್ತು. ಅವನು ತೀರಿ ಈಗ ಎಂಟು ವರ್ಷ. ಪರದೆ ಅದಕ್ಕೂ ಮೊದಲೇ ಹರಿದು ಒರೆಸುವ ಬಟ್ಟೆಯಾಗಿತ್ತು.

ಮರುದಿನ ಬೆಳಿಗ್ಗೆ ಲಿಂಗಣ್ಣ ಮಗನ ಹಿಂದೆ ಕೂತು ಬಂದ. ದನದ ದವಾಖಾನೆಯ ಕಂಪೌಂಡರ್ ಆಗಿ ಈ ಗಾಡಿಯ ಮೇಲೆ ತಿಂಥಣಿಯ ಹೊಳೆದಂಡೆಯವರೆಗೂ ಓಡಾಡಿದ ಮನುಷ್ಯ. ಮೊಣಕಾಲು ಕೈಕೊಟ್ಟಿದ್ದವು, ಬಾಯಿ ಗಟ್ಟಿಯಾಗಿತ್ತು.

"ಏನವಾ ಹಜರಾ, ನನ್ನ ಗಾಡಿ ಹೊಟ್ಟಿ ಕೊಯ್ತಿ ಅಂತ?"

"ಕೊಯ್ದು ನೋಡಿ ಹೊಲೀತೀನಿ. ದನದ ಡಾಕ್ಟರ ಹಂಗ ಸೂಜಿ ಚುಚ್ಚಿ ಓಡಿ ಹೋಗಾಕಿಲ್ಲ. ಕುಂದ್ರು."

"ಕಂಪೌಂಡರ್, ಡಾಕ್ಟರಲ್ಲ. ಡಾಕ್ಟರ್ ಆಗಿದ್ರ ಜೀಪಿನ್ಯಾಗ ಅಡ್ಡಾಡತಿದ್ದೆ, ನಿನ್ನ ಮುಖ ನೋಡೂ ಕರ್ಮ ಯಾಕ ಬರತಿತ್ತು?"

ನುಜ್ಹತ ಎಂಜಿನ್ನಿನ ಬಲಬದಿಯ ಮುಚ್ಚಳ ಬಿಚ್ಚಿದಳು. ಎಜ್ಡಿಯ ಡೈನಮೋ ಅಲ್ಲೇ ಕೂತಿರುತ್ತದೆ: ಹೊರಗೆ ನಿಂತ ಸುರುಳಿಗಳ ಬಳೆ, ಒಳಗೆ ಎಂಜಿನ್ನಿನ ಜೊತೆ ತಿರುಗುವ ಆರ್ಮೇಚರ್. ಹಜರಾಬೀ ಸುತ್ತಿದಳೆಂದು ಎಲ್ಲರೂ ಹೇಳುತ್ತಿದ್ದದ್ದು ಆ ತಿರುಗುವ ತುಂಡನ್ನು. ಅದರ ಕಟ್ಟುದಾರ ಹೊರಗಿನ ತಟ್ಟೆಯ ಹಿಂದೆ ಮುಚ್ಚಿರುವುದರಿಂದ, ಪೂರ್ತಿ ಹೊರಗೆ ಎಳೆಯದೆ ಕಾಣುವುದಿಲ್ಲ. ಎಳೆಯುವ ಬೋಲ್ಟು ಹಾಕಿ ನುಜ್ಹತ ಪಾನಾ ಹಿಡಿದಳು. ಅದು ಜಗ್ಗಲಿಲ್ಲ.

"ಎಷ್ಟು ವರ್ಷ ಆತ್ರಿ ಇದನ್ನ ತೆಗೆದು?" ಎಂದು ಕೇಳಿದಳು.

"ತೆಗದ್ರಲ್ಲ!" ಎಂದ ಲಿಂಗಣ್ಣ. "ಸವದ ಕಾರ್ಬನ್ ತುಂಡು ಬದಲಿ ಮಾಡಿಸೀನಿ, ಒಳಗ ಕೈ ಹಾಕಿಸಿಲ್ಲ. ಅದನ್ನ ಹಾಕಿಸಿದ್ದು ನಿನ್ನ ಗಂಡ ಶಾಕೀರ ಹುಟ್ಟಿದ ವರ್ಷ. ದನಗಳಿಗೆ ಕಾಲುಬ್ಯಾನಿ ಬಂದು ಊರೂರು ತಿರಗೂ ಹೊತ್ತು, ಈ ಗಾಡಿ ಡೈನಮೋ ಸುಟ್ಟು ಕುಂತ್ತು. ತಳ್ಳಿಕೊಂಡು ಇಲ್ಲಿಗಿ ಬಂದ್ರ ಪರದಾದ ಹಿಂದ ಬಳಿ ಸದ್ದೇ ಇಲ್ಲ. ಏನಪಾ ಹಸನಸಾಬ ಅಂದ್ರ, ಬಾಣಂತನಕ್ಕ ಗೋಗಿಗಿ ಹೋಗ್ಯಾಳಂದ."

ಹಜರಾಬೀ ತಲೆ ಎತ್ತಿದಳು.

"ನಾನೂ ಕಡ್ಡಿ ಮುರದಂಗ ಹೇಳಿದೆ," ಲಿಂಗಣ್ಣ ಮುಂದುವರಿಸಿದ. "ನಿನ್ನ ಕೈದಾದ್ರ ನಂಗ ಬ್ಯಾಡ. ನಿನ್ನ ಮೂರು ಬೆರಳಿನ ಕೆಲಸ ನಂಬಿ ನಾ ಅಡವ್ಯಾಗ ಕುಂದ್ರಾಂವಲ್ಲ. ಪರದಾದ ಹಿಂದಿಂದು ಇದ್ರ ಹಾಕು, ಇಲ್ಲಾಂದ್ರ ಯಾದಗಿರಿಗಿ ಒಯ್ತೀನಿ. ಮಾರಾಯ ಬೀಡಿ ಹಚ್ಚಿದ. ಆಮ್ಯಾಲ ಅಂದ, ಆಕಿ ಹೋಗೂಕಿಂತ ಮೊದಲ ಒಂದು ಸುತ್ತಿಟ್ಟು ಹೋಗ್ಯಾಳ, ಅದನ್ನೇ ಹಾಕ್ತೀನಿ, ನಾಳಿಗಿ ಬಾ. ಹಂಗ ಉಳೀತು ನೋಡವಾ ನನ್ನ ನೌಕರಿ. ನೀ ಹೊಟ್ಟಿ ಹೊತ್ತುಕೊಂಡು ಮಾಡಿದ್ದು, ಇವತ್ತಿಗೂ ಉರೀತದ."

ಲಿಂಗಣ್ಣ ನಕ್ಕ. ಹಜರಾಬೀ ಮಿಕ್ಸರಿನ ಮೋಟಾರನ್ನು ಕೈಯಲ್ಲಿ ಹಿಡಿದೇ ಇದ್ದಳು.

ಅವಳು ಯಾವುದನ್ನೂ ಸುತ್ತಿಟ್ಟು ಹೋಗಿರಲಿಲ್ಲ. ಆ ಸಲ ಕಾಲು ಬಾತಿವೆಯೆಂದು ತಾಯಿ ಎರಡು ತಿಂಗಳು ಮೊದಲೇ ಬಂದು ಕರೆದೊಯ್ದಿದ್ದಳು. ಹೆರಿಗೆಯಾದ ಮೇಲೆ ನಲವತ್ತು ದಿನದ ಚಿಲ್ಲಾ. ಆ ಮನೆಯಲ್ಲಿ ಬಾಣಂತಿ ನೀರಿನ ತಂಬಿಗೆಯನ್ನೂ ಎತ್ತುವಂತಿರಲಿಲ್ಲ, ಕಬ್ಬಿಣ ತಾಮ್ರ ಮುಟ್ಟುವ ಮಾತು ದೂರ. ನೀಲಗಿರಿ ಎಣ್ಣೆಯ ವಾಸನೆಯ ಆ ಕೋಣೆಯಲ್ಲಿ ಮಲಗಿ ಅವಳು ಅಂಗಡಿಯದೇ ಚಿಂತೆ ಮಾಡಿದ್ದಳು. ಗಿರಾಕಿಗಳೆಲ್ಲ ಹೋದರೋ ಏನೋ ಎಂದು. ಹಸನಸಾಬ ಶುಕ್ರವಾರ ಬಂದು ಕೂಸಿನ ಮುಖ ನೋಡಿ, "ಅಂಗಡಿ ನಡೀಲಿಕತ್ತದ" ಎಂದಷ್ಟೇ ಹೇಳಿ ಹೋಗುತ್ತಿದ್ದ. ಒಮ್ಮೆ ಅವನ ಎಡಗೈಯ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಏನಾಯಿತೆಂದು ಕೇಳಿದ್ದಕ್ಕೆ ಬೀಡಿ ಸುಟ್ಟಿತು ಎಂದಿದ್ದ.

"ಬಂತು!" ಎಂದಳು ನುಜ್ಹತ. ಆರ್ಮೇಚರ್ ಒಂದು ಸಣ್ಣ ಟಕ್ಕೆಂಬ ಸದ್ದಿನೊಂದಿಗೆ ಸಡಿಲಾಗಿ ಅವಳ ಅಂಗೈಗೆ ಬಂತು. ಬೂದಿಯಂಥ ಕಾರ್ಬನ್ ಪುಡಿಯನ್ನು ಊದಿ, ಒರೆಸಿ, ತಿರುಗಿಸಿ ನೋಡಿದಳು. ಮತ್ತೊಮ್ಮೆ ಬೆಳಕಿಗೆ ಹಿಡಿದಳು.

"ಕೊಡು ಇಲ್ಲಿ," ಎಂದಳು ಹಜರಾಬೀ.

ತಂತಿ ಒಂದು ಬದಿಗೆ ಒತ್ತಾಗಿ, ಇನ್ನೊಂದು ಬದಿಗೆ ಸಡಿಲಾಗಿ ಕೂತಿತ್ತು. ಎರಡು ಕಡೆ ಒಂದರ ಮೇಲೊಂದು ಏರಿತ್ತು. ವಾರ್ನಿಷ್ ಬೇಕಾದ್ದಕ್ಕಿಂತ ಮೂರು ಪಟ್ಟು, ತಪ್ಪನ್ನೆಲ್ಲ ಮುಚ್ಚುವಂತೆ ಬಳಿದದ್ದು. ಕಟ್ಟುದಾರದ ಮೇಲೆ ಅವಳು ಬೆರಳಾಡಿಸಿದಳು. ಬೆರಳು ಎಡವಿ ನಿಂತಿತು. ಕಡಲೆಕಾಳಿನಷ್ಟು ದಪ್ಪದ ಗಂಟು. ಎಡಕ್ಕೊಂದು ಸುತ್ತು ಹೆಚ್ಚು, ತುದಿ ಚಪ್ಪಟೆಯಾಗಿ ನುಜ್ಜಾಗಿತ್ತು, ಹಲ್ಲಿನಲ್ಲಿ ಕಚ್ಚಿ ಎಳೆದ ಹಾಗೆ.

ಅದನ್ನು ಗುರುತಿಸಲು ಅವಳಿಗೆ ಬೆಳಕೂ ಬೇಕಿರಲಿಲ್ಲ. ಅದು ಹಸನಸಾಬನ ಪಾಯಿಜಾಮದ ಲಾಡಿಯ ಗಂಟು. ಬೆರಳು ಹೋದ ಮೇಲೆ ಅವನು ಲಾಡಿಯ ಒಂದು ತುದಿಯನ್ನು ಹಲ್ಲಿನಲ್ಲಿ ಹಿಡಿದು, ಇನ್ನೊಂದನ್ನು ಎಡಗೈಯಿಂದ ಎಳೆದು ಹಾಕುತ್ತಿದ್ದ ಗಂಟು. ಜೋಲಿ ಹೊಡೆಯುವವನ ಹಾಗೆ ಬಗ್ಗಿ ಅವನು ಲಾಡಿ ಕಟ್ಟುವುದನ್ನು ನೋಡಿ ಅವಳು ನಕ್ಕದ್ದುಂಟು. ಒಗೆಯುವ ಮೊದಲು ಆ ಗಂಟನ್ನು ದಬ್ಬಳದಿಂದ ಬಿಡಿಸುತ್ತ, ಮದುವೆಯಾದ ಗಳಿಗೆಗೆ ಶಾಪ ಹಾಕಿದ್ದೂ ಉಂಟು.

ಈ ತಂತಿಯನ್ನು ಅವನು ಹೇಗೆ ಹಿಡಿದ? ಕಾಲಬೆರಳ ಸಂದಿಯಲ್ಲೇ? ಹಲ್ಲಿನಲ್ಲೇ? ಹೆಬ್ಬೆರಳಿಗೆ ಸುತ್ತಿದ ಬಟ್ಟೆ ಬೀಡಿಯದ್ದಲ್ಲ. ಅವಳ ಹೆಸರು ಬೇಕೆಂದ ಗಿರಾಕಿಗೆ ಅವನು ತನ್ನ ಕೆಲಸವನ್ನು ಅವಳ ಹೆಸರಿನಲ್ಲಿ ಕೊಟ್ಟ. ತಾನು ಅವನ ಬೋರ್ಡಿನ ಕೆಳಗೆ ದುಡಿದೆ ಎಂದು ಅವಳು ಇಷ್ಟು ವರ್ಷ ಹಿಡಿದುಕೊಂಡಿದ್ದ ಕಹಿಯ ಪಕ್ಕದಲ್ಲಿ ಇದನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

"ಅಮ್ಮಿ," ಎಂದಳು ನುಜ್ಹತ, "ಇದು ನಿಮ್ಮ ಕೈದಲ್ಲ. ಯಾರೋ ಹೊಲಸು ಸುತ್ಯಾರ. ನಂಗ ಐಟಿಐನ್ಯಾಗ ಹಿಂಗ ಸುತ್ತಿದ್ರ ಹೊರಗ ನಿಂದ್ರಸತಿದ್ರು."

ಲಿಂಗಣ್ಣ ಕತ್ತು ಚಾಚಿದ. "ಏನು? ಆಕಿದಲ್ಲ?"

ಹಜರಾಬೀ ಆರ್ಮೇಚರನ್ನು ಸೆರಗಿನಿಂದ ಮತ್ತೊಮ್ಮೆ ಒರೆಸಿದಳು.

"ನಂದೇ," ಎಂದಳು. "ಹೊಟ್ಟಿ ಅಡ್ಡ ಬರತಿತ್ತು, ಕೈ ಎಟಕತಿರಲಿಲ್ಲ. ಹೆಂಗ್ಯಾಂಗೋ ಸುತ್ತಿ ಹೋಗಿದ್ದೆ."

"ಗಂಟು?" ಸೊಸೆ ಬಿಡಲಿಲ್ಲ. "ನಿಮ್ಮ ಕುಂಚಿಗಿ ಗಂಟೆಲ್ಲಿ? ನಾ ಒಂದು ನೂಲು ಹೊರಗ ಬಿಟ್ರ ಮೂರು ದಿನ ಬೈತೀರಿ!"

"ಗಂಟೂ ನಂದೇ. ಆವತ್ತು ಹಂಗ ಬಿತ್ತು. ಟೆಸ್ಟ್ ಬಲ್ಬ್ ತಾ."

ನುಜ್ಹತ ಅತ್ತೆಯ ಮುಖ ನೋಡಿದಳು. ಟೆಸ್ಟ್ ಬಲ್ಬ್ ತಂದಳು. ಹಜರಾಬೀ ಬಲ್ಬಿನ ತಂತಿಯ ಎರಡು ತುದಿಗಳನ್ನು ಆರ್ಮೇಚರಿನ ತಾಮ್ರದ ಪಟ್ಟಿಗಳ ಮೇಲೆ ಒಂದೊಂದಾಗಿ ಸರಿಸುತ್ತ ಹೋದಳು. ಎಲ್ಲ ಕಡೆ ಬಲ್ಬು ಹತ್ತಿತು. ಒಂದು ತುದಿಯನ್ನು ಕಬ್ಬಿಣಕ್ಕೆ ಹಿಡಿದಾಗ ಹತ್ತಲಿಲ್ಲ. ಎಲ್ಲಿಯೂ ಸುತ್ತಿದ ತಂತಿ ಕಬ್ಬಿಣದ ಮೈಗೆ ತಾಗಿರಲಿಲ್ಲ. ಅಷ್ಟು ಹೊಲಸು ಕೆಲಸ, ಅಷ್ಟು ವರ್ಷದ ಬಿಸಿ, ಧೂಳು. ಜೀವವಿತ್ತು.

ಶರಣಕುಮಾರ ನಿಟ್ಟುಸಿರುಬಿಟ್ಟ. "ಆಯ್ತು ಬಿಡ್ರಿ. ಮಾತಂದ್ರ ಮಾತು. ತಿರುಗಿ ಹಾಕ್ರಿ, ನಾ ಬ್ಯಾಟ್ರಿ ಒಂದು ಬದಲಿ ಮಾಡ್ತೀನಿ."

"ಕಿಟ್ ಬಿಚ್ಚು," ಎಂದಳು ಹಜರಾಬೀ.

"ಆಂ?"

"ಕಿವುಡೇನು? ನಿನ್ನ ಕಿಟ್ಟಿನ ಡಬ್ಬಿ ಬಿಚ್ಚಂದೆ."

ಲಿಂಗಣ್ಣ ಹುಬ್ಬೇರಿಸಿದ. "ಜೀವ ಇದ್ರ ತೆಗೆಯಾಕಿಲ್ಲ ಅಂದಿದ್ದೆಂತ?"

"ಅಂದಿದ್ದೆ. ದುಡಿದದ್ದು ಸಾಕು ಅದು. ನಿನ್ನ ಮಗ ಟ್ರೇಲರಿಗಿ ಹಾಯ್ದು ಸತ್ರ ನನ್ನ ವೈಂಡಿಂಗ್ ತಗೊಂಡು ಏನು ಮಾಡ್ತಿ?" ಆರ್ಮೇಚರನ್ನು ಮಡಿಲಿಗೆ ಸರಿಸಿಕೊಂಡು ಹೇಳಿದಳು, "ಒಂದು ಮಾತು. ಈ ತುಂಡು ನಂಗ ಬೇಕು."

ಬಿಚ್ಚಿದ ಹಳೇ ಸಾಮಾನು ಗಿರಾಕಿಯದು ಎಂಬುದು ಆ ಅಂಗಡಿಯ ನಿಯಮ. ಚೀಲದಲ್ಲಿ ಹಾಕಿ ಕೈಗೆ ಕೊಟ್ಟೇ ಕಳಿಸುತ್ತಿದ್ದಳು. ಒಂದು ಗುಂಜಿ ತಾಮ್ರವನ್ನೂ ಅವಳು ಯಾರಿಂದಲೂ ಕೇಳಿದ್ದಿಲ್ಲ. ಅದು ಲಿಂಗಣ್ಣನಿಗೂ ಗೊತ್ತಿತ್ತು. ಹಾಸ್ಯ ಮಾಡಲು ಹೊರಟವನು ಅವಳ ಮುಖ ನೋಡಿ ಬಿಟ್ಟ. "ನಿಂದೇ ಅಲ್ಲೇನವಾ, ಇಟ್ಕೋ," ಎಂದ.

ಮಧ್ಯಾಹ್ನವೆಲ್ಲ ಕೆಲಸ ನಡೆಯಿತು. ಆರ್ಮೇಚರ್ ಇದ್ದ ಜಾಗಕ್ಕೆ ತಿರುಗುವ ಅಯಸ್ಕಾಂತ ಬಂತು, ಸುತ್ತ ಹೊಸ ಸುರುಳಿಗಳ ತಟ್ಟೆ. ಕಾರ್ಬನ್ ಇಲ್ಲ, ಸವೆಯುವ ತುಂಡಿಲ್ಲ. ಸೀಟಿನ ಕೆಳಗೆ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದೊಂದು ರೆಗ್ಯುಲೇಟರ್ ಕೂತಿತು. ಆರು ವೋಲ್ಟಿನ ಬ್ಯಾಟರಿ, ಬಲ್ಬು, ಹಾರ್ನು, ಇಗ್ನಿಷನ್ ಕಾಯಿಲ್ ಎಲ್ಲವನ್ನೂ ಹನ್ನೆರಡಕ್ಕೆ ಬದಲಾಯಿಸಿದರು. ಹೆಚ್ಚಿನ ಕೆಲಸ ನುಜ್ಹತಳದು. ಹಜರಾಬೀ ತಂತಿಗಳ ಕಟ್ಟು ಮಾತ್ರ ಯಾರಿಗೂ ಬಿಡದೆ, ಚಾಸಿಯ ಉದ್ದಕ್ಕೂ ಕುಂಚಿಗೆ ಗಂಟು ಹಾಕುತ್ತ ಹೋದಳು. ಬೆರಳುಗಳು ಮೊದಲಿನಂತೆ ಓಡಲಿಲ್ಲ. ಆದರೂ ಒಂದು ತುದಿ ಹೊರಗೆ ಉಳಿಯಲಿಲ್ಲ.

ಮುಸ್ಸಂಜೆಗೆ ಶರಣಕುಮಾರ ಕಿಕ್ ಹೊಡೆದ. ಎಂಜಿನ್ ನಿಧಾನಕ್ಕೆ ಗುಡುಗುಡುಗುಟ್ಟುತ್ತಿದ್ದರೂ ಬೆಳಕು ಬೆಳ್ಳಗೆ, ಅಲ್ಲಾಡದೆ ನಿಂತಿತು. ಓಣಿಯ ತುದಿಯ ಬೇವಿನ ಕೊಂಬೆಗೆ ಲಾರಿಗಳಿಂದ ಅಂಟಿಕೊಂಡಿದ್ದ ಹತ್ತಿಯ ಎಳೆಗಳು ಕಂಡವು. ಬೇಕರಿಯವನು ಕಣ್ಣಿಗೆ ಕೈ ಅಡ್ಡ ಹಿಡಿದ.

ಲಿಂಗಣ್ಣ ಸ್ವಲ್ಪ ಹೊತ್ತು ನೋಡಿ ಹೇಳಿದ, "ಚಲೋ ಆತು. ಆದ್ರ ಮೊದಲಿಂದು ಗೇರ್ ಹಾಕಿದಾಗೊಮ್ಮೆ ಕಣ್ಣು ಮುಚ್ಚಿ ತೆಗೀತಿತ್ತು. ದೂರ ಕಾಲುವಿ ಏರಿ ಮ್ಯಾಲೆ ಬರತಿದ್ದಂಗನೇ ಮನ್ಯಾಗ ನನ್ನ ಹೇಣ್ತಿ ಅನ್ನಮ್ಮ ಗುರತ ಹಿಡದು ರೊಟ್ಟಿ ಹಂಚು ಇಡತಿದ್ಳು. ಇದು ಯಾರ ಗಾಡಿ ಅಂತ ಹ್ಯಾಂಗ ತಿಳೀಬೇಕು?"

"ಈಗ ಫೋನ್ ಅದ, ಮಾವ್ನೋರ," ಎಂದಳು ನುಜ್ಹತ. "ಫೋನ್ ಹಚ್ಚಿದ್ರ ರೊಟ್ಟಿ ಬೀಳ್ತಾವ."

ತಂದೆ ಮಗ ಹೊರಟರು. ಕೆಂಪು ಹಿಂದೀಪ ಸಣ್ಣದಾಗುತ್ತ ಹೋಗಿ, ದೊಡ್ಡ ರಸ್ತೆಗೆ ತಿರುಗಿತು. ಹಜರಾಬೀ ಸುತ್ತಿದ ಮೋಟಾರು ಈಗ ಎಲ್ಲಿಯೂ ಓಡುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನಿನ್ನೆಯೂ ಓಡುತ್ತಿರಲಿಲ್ಲ. ಅವಳು ಹತಾರಗಳನ್ನು ಒರೆಸಿ ಜಾಗಕ್ಕೆ ಇಟ್ಟಳು.

ಆ ಕೆಲಸದ ಸುದ್ದಿ ಹರಡಿತು. ಸುರಪುರದಿಂದೊಂದು, ಯಾದಗಿರಿಯಿಂದೊಂದು ಹಳೇ ಗಾಡಿ ಬಂತು. ನುಜ್ಹತಳಿಗಂತೂ ಜೀವಮಾನಕ್ಕಾಗುವಷ್ಟು ಒಂದು ಮಾತು ಸಿಕ್ಕಿತು. ಅತ್ತೆ ಅವಳ ಕೆಲಸದಲ್ಲಿ ಒಂದು ತಪ್ಪು ತೋರಿಸಿದರೆ ಸಾಕು, "ಹೌದ್ರಿ ಅಮ್ಮಿ, ನಿಮ್ಮ ಎಜ್ಡಿ ವೈಂಡಿಂಗ್ ನೋಡೀನಲ್ಲ" ಎನ್ನುತ್ತಿದ್ದಳು. ಬೇಕರಿಯವನಿಗೂ ಹೇಳಿದಳು, ಶಾಕೀರನಿಗೂ ಹೇಳಿದಳು. ತನ್ನ ಕೆಲಸಕ್ಕೆ ಯಾರಾದರೂ ಹೆಸರಿಟ್ಟರೆ ಜಗಳಕ್ಕೆ ನಿಲ್ಲುತ್ತಿದ್ದ ಹಜರಾಬೀ ಇದಕ್ಕೆ ಮಾತ್ರ ಎದುರಾಡಲಿಲ್ಲ.

ತಿಂಗಳಾದ ಮೇಲೆ ಗುಜರಿಯ ದುರಗಪ್ಪ ತಕ್ಕಡಿ ಹೊತ್ತು ಬಂದ. ನುಜ್ಹತ ಸುಟ್ಟ ತಂತಿಯ ಚೀಲ ಸುರಿದು, ಕಪಾಟಿನ ಮೇಲಿದ್ದ ಆರ್ಮೇಚರನ್ನೂ ಕೈಗೆತ್ತಿಕೊಂಡಳು. ಕಟ್ಟುದಾರ ಬಿಚ್ಚಿ ತಾಮ್ರ ಬಿಡಿಸಲು ಗಂಟಿನ ಕೆಳಗೆ ದಬ್ಬಳ ತೂರಿಸಿದಳು.

"ಅದರ ಗಂಟಿಗಿ ಕೈ ಹಚ್ಚಬ್ಯಾಡ," ಎಂದಳು ಹಜರಾಬೀ, ಕೈಯಲ್ಲಿದ್ದ ಕೆಲಸದಿಂದ ತಲೆ ಎತ್ತದೆ.

"ಇಟ್ಕೊಂಡು ಏನು ಮಾಡ್ತೀರಿ, ಅಮ್ಮಿ?"

"ಬಾಗಿಲಿಗಿ ಇಡು. ಗಾಳಿಗಿ ಬಡೀತದ."

ನುಜ್ಹತ ದಬ್ಬಳ ತೆಗೆದು, ಆರ್ಮೇಚರನ್ನು ಬಾಗಿಲಿನ ಬುಡಕ್ಕೆ ಒತ್ತರಿಸಿ ಇಟ್ಟಳು. ಬಾಗಿಲು ನಿಂತಿತು.